ಬಲವಂತದ ಸೋಲಿಗೆ ‘ಶರಣಾಗತಿ’ ಎನ್ನಬಹುದೇ?

ಸೆಪ್ಟೆಂಬರ್ 17 ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿಯ ಭಾಷಣಗಳಲ್ಲಿ, 1948ರಲ್ಲಿ ಹೈದರಾಬಾದಿನ ಅರಸ ಭಾರತದ ಸೈನ್ಯಕ್ಕೆ ಸೋತದ್ದನ್ನು ನೆನೆಯುತ್ತ, ‘ನಿಜಾಮ ಶರಣಾದ ದಿನ’ ಎಂಬ ಮಾತು ಬಂದೇ ಬರುತ್ತದೆ. ಸೈನ್ಯದ ಒತ್ತಡಕ್ಕೆ ಸಿಕ್ಕಿ ಒಪ್ಪಿಕೊಂಡ ಸೋಲನ್ನು, ಶರಣರು ಬಾಳಿದ ಈ ನೆಲದಲ್ಲಿ, ಅದೇ ಶಬ್ದದಿಂದ ಕರೆಯುವುದು ಸರಿಯೇ?

ಪರ: ಶಬ್ದದಲ್ಲಿ ಗೆದ್ದವನ ಹೊಣೆಯೂ ಇದೆ

ಸಂಸ್ಕೃತದ ‘ಶರಣ’ಕ್ಕೆ ಆಸರೆ, ರಕ್ಷಣೆ, ಮನೆ ಎಂಬ ಅರ್ಥಗಳಿವೆ; ಶರಣಾಗತಿ ಎಂದರೆ ಆಸರೆ ಅರಸಿ ಬರುವುದು. ಬಂದವನು ಭಕ್ತಿಯಿಂದ ಬಂದನೋ ಭಯದಿಂದ ಬಂದನೋ ಎಂದು ಈ ಶಬ್ದ ಎಂದೂ ವಿಚಾರಿಸಿಲ್ಲ. ವಿಭೀಷಣ ಅಣ್ಣನಿಂದ ಅವಮಾನಗೊಂಡು, ಲಂಕೆಯಲ್ಲಿ ನೆಲೆ ತಪ್ಪಿ ರಾಮನ ಬಳಿಗೆ ಬಂದವನು. ಆದರೂ ಶರಣಾಗತಿಯ ಮಾತು ಬಂದಾಗ ಮೊದಲು ನೆನಪಾಗುವ ಹೆಸರು ಅವನದೇ. ನಮ್ಮ ಭಾಗದ ಇನ್ನೊಂದು ಭಾಷೆಯಾದ ಉರ್ದುವಿನಲ್ಲಿಯೂ ‘ತಸ್ಲೀಮ್’ ಎಂದರೆ ವಂದನೆ, ಒಪ್ಪಿಗೆ, ಅಧೀನತೆ ಮೂರೂ ಹೌದು. ‘ಶರಣ್ರಿ’ ಎಂದು ಕೈಮುಗಿಯುವ ಕಲಬುರಗಿಯವರಿಗೆ ಪತ್ರಿಕೆಯ ‘ಶರಣಾಗತಿ’ಯಿಂದ ಗೊಂದಲವಾದದ್ದಿಲ್ಲ.

ಕನ್ನಡ ಶಾಸನಗಳ ಬಿರುದುಗಳಲ್ಲಿ ‘ಶರಣಾಗತ ವಜ್ರಪಂಜರ’ ಎಂಬುದೊಂದಿದೆ. ಶರಣು ಬಂದವನನ್ನು ವಜ್ರದ ಪಂಜರವಾಗಿ ಕಾಯುವವನು ಎಂದು ಅದರ ಅರ್ಥ. ಈ ಬಿರುದು ಸಲ್ಲುವುದು ಶರಣು ಬಂದವನಿಗಲ್ಲ, ಅವನನ್ನು ಉಳಿಸಿಕೊಂಡವನಿಗೆ. ಹುಲ್ಲು ಕಚ್ಚಿ ನಿಂತವನನ್ನು ಕೊಲ್ಲಬಾರದೆಂಬ ಹಳೆಯ ಯುದ್ಧಧರ್ಮವೂ ಇದೇ ಬಗೆಯದು. ‘ಸೋಲು’ ಎಂಬ ಮಾತು ಸೋತವನ ಸ್ಥಿತಿಯನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ‘ಶರಣಾಗತಿ’ ಎಂದ ಕೂಡಲೇ ಗೆದ್ದವನಿಗೂ ಒಂದು ಕಟ್ಟುಪಾಡು ಬರುತ್ತದೆ.

1948ನ್ನು ಈ ಕಟ್ಟುಪಾಡಿನಿಂದಲೇ ಅಳೆಯಬೇಕು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನವನ್ನು ಹೊಕ್ಕಿತು. 17ರಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕದನ ನಿಲ್ಲಿಸಿರುವುದಾಗಿ ಸಾರಿದ. ಮರುದಿನ ಅವನ ಸೇನಾಪತಿ ಎಲ್ ಎಡ್ರೂಸ್, ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಮುಂದೆ ಸೋಲೊಪ್ಪಿದ. ನಿಜಾಮನಿಗೆ ಆಸರೆ ಸಿಕ್ಕಿತು. 1950ರಿಂದ 1956ರವರೆಗೆ ಅವನೇ ರಾಜಪ್ರಮುಖ, ಎಂದರೆ ರಾಜ್ಯಪಾಲನಂಥ ಹುದ್ದೆಯವನು. ಆದರೆ ಅದೇ ಆಸರೆ, ನಿಜಾಮನ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಜೊತೆ ಯಾವ ಸಂಬಂಧವೂ ಇರದ ಎಷ್ಟೋ ಬಡ ಮುಸ್ಲಿಂ ಕುಟುಂಬಗಳಿಗೆ ಸಿಗಲಿಲ್ಲ. ಆಗಿನ ಹಿಂಸೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಮತ್ತು ಗುಲಬರ್ಗಾಗಳನ್ನೂ ಹೆಸರಿಸಿತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾ ಹಳ್ಳಿಯ ನಿರಪರಾಧಿಗಳನ್ನು ರಜಾಕಾರರು ಕೊಂದದ್ದನ್ನೂ, ಸೆಪ್ಟೆಂಬರಿನ ನಂತರ ಹಳ್ಳಿಗಳಲ್ಲಿ ನಡೆದ ಕೊಲೆಗಳನ್ನೂ ಒಂದೇ ನ್ಯಾಯದಲ್ಲಿ ತಪ್ಪೆಂದು ಹೇಳಬೇಕಾದರೆ, ಕೈಯಲ್ಲಿ ಆಯುಧವಿಲ್ಲದವನನ್ನು ಕಾಯಲೇಬೇಕು ಎನ್ನುವ ಶಬ್ದವೊಂದು ನಮ್ಮಲ್ಲಿ ಉಳಿದಿರಬೇಕು. ಅದನ್ನು ತೆಗೆದು ‘ಸೋತ’ ಎಂದು ಬರೆದರೆ ಗೆದ್ದವರ ಕೆಲಸ ಹಗುರವಾಗುತ್ತದೆ.

ವಿರೋಧ: ಮಣಿಸಿದವರು ಮರೆಯಾಗುತ್ತಾರೆ

ಶಬ್ದದ ಮೂಲ ಎಷ್ಟೇ ಉದಾತ್ತವಾಗಿರಲಿ, ಇಂದು ಅದು ಮಾಡುತ್ತಿರುವ ಕೆಲಸವನ್ನು ನೋಡಬೇಕು. ‘ಸಾಲಬಾಧೆ: ರೈತ ನೇಣಿಗೆ ಶರಣು’ ಎಂಬ ತಲೆಬರಹವನ್ನು ತೊಗರಿ ಬೆಳೆಯುವ ನಮ್ಮ ಜಿಲ್ಲೆಗಳಲ್ಲಿ ಓದದವರಿಲ್ಲ. ನೆಟೆರೋಗ ತಗಲಿ ಹೊಲದಲ್ಲಿ ತೊಗರಿ ನಿಂತಲ್ಲೇ ಒಣಗಿದೆ, ಉಳಿದದ್ದಕ್ಕೆ ಬೆಲೆಯಿಲ್ಲ, ಸಾಲ ಕೊಟ್ಟವನು ಕಟ್ಟೆಯ ಮೇಲೆ ಬಂದು ಕೂತಿದ್ದಾನೆ. ಇಷ್ಟೆಲ್ಲ ನಡೆದ ಮೇಲೆ ಆ ತಲೆಬರಹದಲ್ಲಿ ಕಾಣುವವನು ರೈತನೊಬ್ಬನೇ, ಕ್ರಿಯೆಯೂ ಅವನದೇ. ಹಗ್ಗ ಅವನಿಗೆ ಕೊಟ್ಟ ಆಸರೆಯಾದರೂ ಏನು? ಪೂಜೆಯ ಶಬ್ದವನ್ನು ತಂದು ಈ ಸಾವಿನ ಮೇಲೆ ಹೊದಿಸುವುದು ನನಗೆ ಸಹಿಸಲಾಗದ ಸಂಗತಿ.

‘ನಿಜಾಮ ಶರಣಾದ’ ಎಂಬ ವಾಕ್ಯದಲ್ಲೂ ನಡೆಯುವುದು ಇದೇ. ನಿಜಾಮನ ವಿರುದ್ಧದ ಹೋರಾಟದ ಮುಂದಾಳು ಸ್ವಾಮಿ ರಮಾನಂದ ತೀರ್ಥರಂಥವರ ಸೆರೆವಾಸ, ಗಡಿಯಾಚೆ ಶಿಬಿರ ಕಟ್ಟಿ ಹೋರಾಡಿದ ತರುಣರು, ಕೊನೆಗೆ ಬಂದ ಸೈನ್ಯ, ಯಾವುದೂ ಅದರೊಳಗಿಲ್ಲ. ಅರಸನೊಬ್ಬ ಮನಸ್ಸು ಬದಲಿಸಿ ಕೈಮುಗಿದಂತೆ ಕೇಳುತ್ತದೆ. ಕನ್ನಡದ ‘ಮಣಿ’ ಎಂಬ ಧಾತು ಇದಕ್ಕಿಂತ ಪ್ರಾಮಾಣಿಕವಾದದ್ದು, ಏಕೆಂದರೆ ಅದರ ಬೆನ್ನಿಗೇ ‘ಮಣಿಸು’ ಇದೆ, ಮಣಿದವನಿದ್ದಲ್ಲಿ ಮಣಿಸಿದವನನ್ನು ಕೇಳುವ ಅವಕಾಶವಿದೆ. ‘ಹತ್ಯಾರ ಕೆಳಗಿಟ್ಟ’ ಎಂಬ ನಮ್ಮ ಕಡೆಯ ಮಾತೂ ನಡೆದದ್ದನ್ನು ನಡೆದಂತೆಯೇ ಹೇಳುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಬಸವಕಲ್ಯಾಣದ ನೆನಪಿನಲ್ಲಿದೆ. ಹರಳಯ್ಯ, ಮಧುವರಸರು ಜಾತಿಯ ಗೆರೆ ದಾಟಿ ಮಕ್ಕಳ ಮದುವೆ ಮಾಡಿದ್ದಕ್ಕೆ ಬಿಜ್ಜಳನ ಆಳ್ವಿಕೆಯಲ್ಲಿ ಎಳೆಹೂಟೆಯ, ಎಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಶಿಕ್ಷೆಗೆ ಗುರಿಯಾದರೆಂದು ಪರಂಪರೆ ಹೇಳುತ್ತದೆ. ಅರಮನೆಯ ಬಲಕ್ಕೆ ತಲೆ ಬಾಗದೆ ಪ್ರಾಣ ಕೊಟ್ಟವರನ್ನು ನಾವು ಶರಣರು ಎನ್ನುತ್ತೇವೆ. ಬಲಕ್ಕೆ ತಲೆ ಬಾಗಿದವನನ್ನು ಶರಣಾದ ಎನ್ನುತ್ತೇವೆ. ಸಂದರ್ಭದಿಂದ ಅರ್ಥ ತಿಳಿಯುತ್ತದೆ ಎಂಬ ವಾದ ದೊಡ್ಡವರಿಗೆ ಸಾಕಾದೀತು, ಆದರೆ ಎರಡನ್ನೂ ಒಂದೇ ತರಗತಿಯಲ್ಲಿ ಓದುವ ಮಗುವಿಗೆ ಶರಣತ್ವವೆಂದರೆ ಬಗ್ಗುವುದು ಎಂದೇ ತೋರಿದರೆ ಅದು ಮಗುವಿನ ತಪ್ಪಲ್ಲ.

ಈ ಶಬ್ದ ನ್ಯಾಯವಾಗಿ ಸಲ್ಲುವ ಕಡೆಗಳೂ ಇವೆ. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಬಂದಾಗ ಅದರ ಹಿಂದೆ ಮಾತುಕತೆ ನಡೆದಿತ್ತು, ಪುನರ್ವಸತಿಯ ಭರವಸೆ ಇತ್ತು. ಅಲ್ಲಿ ಶರಣಾಗತಿ ಎನ್ನಲು ಅಡ್ಡಿಯಿಲ್ಲ. ಆಸರೆ ಕೊಡುವವನು ಇಲ್ಲದ ಕಡೆ ಅದು ಬೇಡ. ‘ಜನರ ಹೋರಾಟಕ್ಕೂ ಸೈನ್ಯಕ್ಕೂ ಮಣಿದು ನಿಜಾಮ ಸೋಲೊಪ್ಪಿದ’ ಎಂದು ಪಠ್ಯದಲ್ಲಿ ಬರೆದರೆ ವಾಕ್ಯ ನಾಲ್ಕು ಪದ ಉದ್ದವಾದೀತು, ಅಷ್ಟೇ. ‘ನೇಣಿಗೆ ಶರಣು’ ಎಂಬುದನ್ನಂತೂ ಪತ್ರಿಕೆಗಳು ನಾಳಿನ ಸಂಚಿಕೆಯಿಂದಲೇ ಬಿಡಬಹುದು, ಬಿಡಬೇಕು.