ಸತ್ಯಾಂಶ: ಪ್ರಾಸ್ಟೇಟ್ ಕ್ಯಾನ್ಸರ್‌ಗೆ ತುರ್ತು ಶಸ್ತ್ರಚಿಕಿತ್ಸೆಯೊಂದೇ ದಾರಿಯೇ?

‘ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾದ ಕೂಡಲೇ ಗ್ರಂಥಿಯನ್ನು ತೆಗೆಸದಿದ್ದರೆ ಸಾವು ಖಚಿತ’ ಎಂಬ ಸಂದೇಶವೊಂದು ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಪ್ರಾಸ್ಟೇಟ್ ಎಂದರೆ ಪುರುಷರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ. ಕ್ಯಾನ್ಸರ್ ಈ ಗ್ರಂಥಿಯೊಳಗೇ ಸೀಮಿತವಾಗಿರುವ ಹೆಚ್ಚಿನವರ ಮಟ್ಟಿಗೆ ಇದು ನಿಜವಲ್ಲ.

ಬ್ರಿಟನ್ನಿನ ‘ಪ್ರೊಟೆಕ್ಟ್’ ಅಧ್ಯಯನದಲ್ಲಿ ಇಂಥ 1,643 ಪುರುಷರನ್ನು ನಿಗಾ, ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಚಿಕಿತ್ಸೆ ಎಂಬ ಮೂರು ಗುಂಪುಗಳಿಗೆ ಯಾದೃಚ್ಛಿಕವಾಗಿ ಹಂಚಲಾಗಿತ್ತು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸುಮಾರು 15 ವರ್ಷಗಳ ಬಳಿಕ ಪ್ರತಿ ಗುಂಪಿನಲ್ಲೂ ಈ ಕ್ಯಾನ್ಸರ್‌ನಿಂದ ಮೃತಪಟ್ಟವರು ಶೇ 2ರಿಂದ 3ರಷ್ಟು ಮಾತ್ರ. ಆದರೆ ರೋಗ ದೇಹದ ಬೇರೆಡೆಗೆ ಹರಡಿದ್ದು ನಿಗಾ ಗುಂಪಿನಲ್ಲಿ ಶೇ 9.4 ಮಂದಿಗೆ, ಉಳಿದೆರಡರಲ್ಲಿ ಸುಮಾರು ಶೇ 5 ಮಂದಿಗೆ ಎಂಬುದನ್ನೂ ಮುಚ್ಚಿಡಬಾರದು. ನಿಗಾದಲ್ಲಿದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನರು ಮುಂದೆ ಚಿಕಿತ್ಸೆ ಪಡೆದರು.

ನಿಗಾ ಎಂದರೆ ಸುಮ್ಮನಿರುವುದಲ್ಲ. ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿ ಉತ್ಪಾದಿಸುವ ಒಂದು ಪ್ರೋಟೀನ್) ರಕ್ತಪರೀಕ್ಷೆ, ಎಂಆರ್‌ಐ, ಅಗತ್ಯವಿದ್ದರೆ ಮರು ಬಯಾಪ್ಸಿಯ (ಅಂಗಾಂಶದ ತುಣುಕು ತೆಗೆದು ಪರೀಕ್ಷಿಸುವುದು) ಮೂಲಕ ರೋಗದ ನಡೆಯನ್ನು ಗಮನಿಸುತ್ತಿರುವುದು. ಶಸ್ತ್ರಚಿಕಿತ್ಸೆಯ ನಂತರ ಮೂತ್ರ ಸೋರಿಕೆ ಮತ್ತು ನಿಮಿರು ದೌರ್ಬಲ್ಯ ಹೆಚ್ಚಾಗಿ ಕಾಡುತ್ತವೆ. ವಿಕಿರಣದ ನಂತರ ಕರುಳಿನ ತೊಂದರೆ ಕಾಣಿಸಬಹುದು, ಲೈಂಗಿಕ ಸಾಮರ್ಥ್ಯವೂ ಕುಗ್ಗಬಹುದು. ಹೆಚ್ಚು ಅಪಾಯದ ಕ್ಯಾನ್ಸರ್‌ಗೆ ಮಾತ್ರ ನಿಗಾ ಸಾಮಾನ್ಯವಾಗಿ ಸಾಲದು. ಅಲ್ಲಿ ಶಸ್ತ್ರಚಿಕಿತ್ಸೆಯನ್ನೋ, ಹಾರ್ಮೋನ್ ಔಷಧದೊಂದಿಗೆ ವಿಕಿರಣವನ್ನೋ ವೈದ್ಯರು ಸೂಚಿಸುತ್ತಾರೆ.