ತಂಬೂರಿ ಸಾಕು, ಡ್ರೋನ್ ತನ್ನಿ

ಹೊಸ ಪೀಳಿಗೆಯನ್ನು ಶಾಸ್ತ್ರೀಯ ಸಂಗೀತಕ್ಕೆ ಹತ್ತಿರ ತರಬೇಕೆಂದು ಪಣ ತೊಟ್ಟ ಸಂಘಟಕರು ಮೊದಲು ಮಾಡಬೇಕಾದ ಕೆಲಸ ಒಂದೇ: ಸಂಗೀತವನ್ನು ಆದಷ್ಟು ತಡವಾಗಿ ಶುರುಮಾಡುವುದು.

ಕಚೇರಿ ಸಂಜೆ 6ರಿಂದ 9 ಎಂದು ಅಚ್ಚು ಹಾಕಿಸಿ. ಒಟ್ಟು 180 ನಿಮಿಷ. ಮುಖ್ಯ ಅತಿಥಿಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡದ್ದಕ್ಕೆ 40. ದೀಪಕ್ಕೆ 10, ಐದು ಬತ್ತಿ, ಏಳು ಗಣ್ಯರು, ಫ್ಯಾನಿನ ಗಾಳಿ, ಅಷ್ಟಾದರೂ ಬೇಕು. ಸ್ವಾಗತ ಮತ್ತು ಪ್ರಾಸ್ತಾವಿಕ ನುಡಿಗೆ 15. ಪೇಟ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ, ಫೋಟೋ ಸೇರಿ ತಲೆಗೆ ಮೂರು ನಿಮಿಷದಂತೆ ಏಳು ತಲೆಗೆ 21. ಎರಡು ಭಾಷಣಕ್ಕೆ 30. ಇಂದಿನ ಮಕ್ಕಳಿಗೆ ಇದರ ರುಚಿಯೇ ಇಲ್ಲವೆಂದು ಇಬ್ಬರೂ ಹೇಳಲೇಬೇಕು. ಬೈಸಿಕೊಳ್ಳಲು ಎದುರಿಗೆ ನಾಲ್ಕು ಮಕ್ಕಳಾದರೂ ಇರಲಿ, ಪಕ್ಕದ ಶಾಲೆಯಿಂದ ಕರೆಸಿಕೊಳ್ಳಿ. ಉಳಿದದ್ದು 64 ನಿಮಿಷ. ವಂದನಾರ್ಪಣೆಯ 12 ಕಳೆದರೆ 52. ಇದರೊಳಗೆ ಪರಂಪರೆ ಉಳಿಯಬೇಕು.

ಅಷ್ಟು ಹೊತ್ತಿಗೆ ಮೃದಂಗದ ಎಡಮುಖಕ್ಕೆ ಮೆತ್ತಿದ ರವೆ ದೀಪಗಳ ಶಾಖಕ್ಕೂ ಏಸಿಯ ಗಾಳಿಗೂ ಒಣಗಿ ಬಿರಿದಿರುತ್ತದೆ. ಒಣ ರವೆಯಿಂದ ಗುಂಕಿ, ಅಂದರೆ ಎಡಮುಖದ ಆ ತಗ್ಗಿನ ತುಂಬು ನಾದ, ಹೊರಡುವುದಿಲ್ಲ. ಹೊಸದಾಗಿ ನೀರಲ್ಲಿ ಕಲಸಿ ಮೆತ್ತಬೇಕು, ಬಲಮುಖದ ಅಂಚನ್ನು ಕಲ್ಲಿನಿಂದ ತಟ್ಟಿ ಶ್ರುತಿಗೆ ತರಬೇಕು. ಈ ಬಿಡುವನ್ನು ನಿರೂಪಕಿ ವ್ಯರ್ಥ ಮಾಡುವಂತಿಲ್ಲ. ‘ಸಂಗೀತಕ್ಕೆ ಭಾಷೆಯಿಲ್ಲ’ ಎಂಬುದನ್ನು ಆರು ನಿಮಿಷ ಭಾಷೆಯಲ್ಲೇ ಹೇಳಬೇಕು. ಆದಿತಾಳವೆಂದರೆ ಒಂದು ಘಾತ, ಮೂರು ಬೆರಳೆಣಿಕೆ, ಆಮೇಲೆ ಘಾತ ಮತ್ತು ಬೀಸು ಎರಡು ಸಲ, ಒಟ್ಟು ಎಂಟು ಎಂದು ಅರ್ಧ ನಿಮಿಷದಲ್ಲಿ ಕೈಯಾಡಿಸಿ ತೋರಿಸಿದರೆ ಸಭೆಯೆಲ್ಲ ತೊಡೆ ತಟ್ಟಿಕೊಂಡು ಹಾಡಿನೊಳಗೆ ಬಂದುಬಿಡುವ ಅಪಾಯವಿದೆ. ಆ ಗೋಜಿಗೆ ಹೋಗಬೇಡಿ.

ಇನ್ನು ಡ್ರೋನ್. ಭಾರತೀಯ ಸಂಗೀತಕ್ಕೆ ಡ್ರೋನೇ ಆಧಾರವೆಂದು ಇಂಗ್ಲಿಷ್ ಪುಸ್ತಕಗಳಲ್ಲಿ ಇರುವುದು ನಿಜ. ಅವರು ಹೇಳಿದ್ದು ಒಂದೇ ಸಮನೆ ಮಿಡಿಯುತ್ತಿರುವ ತಂಬೂರಿಯ ನಾಲ್ಕು ತಂತಿಯನ್ನು: ಒಂದು ಪಂಚಮ, ಎರಡು ಷಡ್ಜ, ಒಂದು ಮಂದ್ರ ಷಡ್ಜ, ತಂತಿಗಳನ್ನು ಹೊರುವ ಪಟ್ಟಿ, ಅಂದರೆ ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ಹತ್ತಿ ಎಳೆಯ ಜೀವಾಳಿ ಸರಿಯಾದ ಜಾಗದಲ್ಲಿ ಕೂತರಷ್ಟೇ ನಾದ ಝೇಂಕರಿಸುತ್ತದೆ. ಸಂಘಟಕರು ಇದನ್ನು ಓದಿ ನಾಲ್ಕು ರೆಕ್ಕೆಯ ಕ್ಯಾಮೆರಾ ಬಾಡಿಗೆಗೆ ತಂದಿದ್ದಾರೆ. ದೊಡ್ಡ ತಪ್ಪೇನಲ್ಲ. ಇದರಲ್ಲೂ ನಾಲ್ಕಿದೆ, ಇದೂ ಗುಂಯ್‌ಗುಡುತ್ತದೆ. ಗಾಯಕರು ಅದರ ಶ್ರುತಿಗೆ ಇಳಿದರೆ ಮುಗಿಯಿತು.

ಡ್ರೋನ್ ಹಿಡಿದದ್ದನ್ನು 30 ಸೆಕೆಂಡಿನ ರೀಲ್ ಮಾಡಿ. ಹಿಂದೂಸ್ತಾನಿ ಗಾಯಕರಾದರೆ ಎಚ್ಚರ: ತೀರ ನಿಧಾನದ, ಅಂದರೆ ಅತಿವಿಲಂಬಿತ, ಏಕತಾಳದ ಹನ್ನೆರಡು ಮಾತ್ರೆಗಳ ಒಂದು ಸುತ್ತಿಗೆ ಒಂದು ನಿಮಿಷದ ಹತ್ತಿರ ಹಿಡಿಯುತ್ತದೆ. ಸುತ್ತಿನ ಮೊದಲ ಮಾತ್ರೆಯಾದ ಸಮ್‌ನಿಂದ ಹೊರಟವರು ಏಳನೆಯ ಮಾತ್ರೆ ಮುಟ್ಟುವಷ್ಟರಲ್ಲಿ ನಿಮ್ಮ ರೀಲ್ ಮುಗಿದು ಬೆಕ್ಕಿನ ವಿಡಿಯೊ ಬಂದಿರುತ್ತದೆ. ಚಿಕ್ಕದಾದರೆ ಕೆಟ್ಟಿತು ಎಂದು ಮೂಗು ಮುರಿಯುವವರಿಗೂ ಒಂದು ಮಾತು ಹೇಳಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಮೂರು ನಿಮಿಷದ ಗ್ರಾಮಫೋನ್ ತಟ್ಟೆಯಲ್ಲಿ ರಾಗವನ್ನು ಕೂರಿಸಿ, ಕೊನೆಗೆ ತಮ್ಮ ಹೆಸರನ್ನೂ ಕೂಗಿ ಹೇಳಲು ಪುರಸೊತ್ತು ಮಾಡಿಕೊಂಡಿದ್ದರು. ಮುಂದೆ ಮೈಸೂರು ಅರಮನೆಯ ವಿದುಷಿಯಾಗಿ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ತಟ್ಟೆಯಲ್ಲಿ ಹಾಡಿತ್ತು. ನಿಮ್ಮ ರೀಲಿನಲ್ಲಿ ಮೊದಲ ಎಂಟು ಸೆಕೆಂಡು ಪ್ರಾಯೋಜಕರ ಲೋಗೋ ತಿರುಗುತ್ತದೆ, ಕೊನೆಯ ಆರು ಸೆಕೆಂಡು ಮುಖ್ಯ ಅತಿಥಿಗಳು ತಲೆದೂಗುತ್ತಾರೆ.

ಫ್ಯೂಷನ್ ಇಲ್ಲದೆ ಯುವಜನ ಬರುವುದಿಲ್ಲವೆಂದು ಸಮಿತಿಯಲ್ಲಿ ಅರವತ್ತು ದಾಟಿದವರೆಲ್ಲ ಒಪ್ಪಿರುವುದರಿಂದ ಕೀಬೋರ್ಡು ಇರಲಿ. ಗಮಕ, ಅಂದರೆ ಸ್ವರಗಳ ತೂಗಾಟ, ಬರುವುದಿಲ್ಲ, ಸ್ವರಗಳು ಕಟ್ಟಿಹಾಕಿದಂತಿವೆ ಎಂದು 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. ಅದು ಒಳಗೆ ಕಾಲಿಡಲು 1970ರ ದಶಕ ಬರಬೇಕಾಯಿತು. ಈಗ ಅದರ ಮೊಮ್ಮಗ ವೇದಿಕೆಯ ನಡುವೆ ಕೂತು, ಪಿಟೀಲನ್ನು ಕಂಬದ ಮರೆಗೆ ತಳ್ಳಿದೆ. ತೋಡಿ ರಾಗದ ಗಾಂಧಾರ ಒಂದೆಡೆ ನಿಲ್ಲದೆ ತೂಗಾಡಬೇಕು, ಕೀಬೋರ್ಡಿನ ಮನೆ ಅಲ್ಲಾಡುವುದಿಲ್ಲ. ಹೀಗಾಗಿ ಗಾಯಕಿಯ ಗಾಂಧಾರವೇ ತಪ್ಪೆಂದು ಮುಂದಿನ ಸಾಲಿನವರಿಗೆ ಅನ್ನಿಸುತ್ತದೆ. ಆಕೆ ಬೆರಳೆತ್ತಿ ಮಾನಿಟರ್ ಜಾಸ್ತಿ ಮಾಡಿ ಎನ್ನುತ್ತಾರೆ. ಮದುವೆ ಆರ್ಕೆಸ್ಟ್ರಾದಿಂದ ನೇರ ಬಂದ ಸೌಂಡಿನವನು ಅದನ್ನು ಶಹಭಾಸ್‌ಗಿರಿ ಎಂದುಕೊಂಡು ಬೇಸ್ ಏರಿಸುತ್ತಾನೆ, ಮೃದಂಗದ ಗುಂಕಿ ಕುರ್ಚಿಯ ಕಾಲುಗಳ ಮೂಲಕ ಕೇಳಿಸತೊಡಗುತ್ತದೆ.

ತನಿ ಆವರ್ತನ, ಅಂದರೆ ಮೃದಂಗದವರು ಒಬ್ಬರೇ ನುಡಿಸುವ ಸರದಿ, ಬಂದಾಗ ಕ್ಯಾಂಟೀನಿನ ಬಾಗಿಲನ್ನು ಪೂರ್ತಿ ತೆರೆದಿಡಿ. ಎರಡು ತಿಂಗಳ ಹಿಂದೆ ಕೂತು ಹೆಣೆದ ತಾಳದ ಲೆಕ್ಕ, ಮುಕ್ತಾಯಕ್ಕೆ ಮುಂಚಿನ ಘಟ್ಟವಾದ ಮೋಹರ ದಾಟಿ, ಮುಕ್ತಾಯ ಮೂರು ಸಲ ಬಂದು, ಪಲ್ಲವಿಯ ಎತ್ತುಗಡೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಬಂದು ಬೀಳುವ ಆ ಗಳಿಗೆಯಲ್ಲಿ ರಸಿಕರ ಕೈಯಲ್ಲಿ ಬಿಸಿ ಬೋಂಡ ಇರಬೇಕು. ಇಲ್ಲದಿದ್ದರೆ ಚಪ್ಪಾಳೆ ಹೊಡೆಯಬೇಕಾಗುತ್ತದೆ.

ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು (1890–1967) ರೂಢಿಗೆ ತಂದ ಕಚೇರಿ ಕ್ರಮವೇ ಅವರ ಕಾಲದ ‘ಆಧುನಿಕ ಶ್ರೋತೃ’ಗಳಿಗಾಗಿ ಆದದ್ದು: ಮೊದಲು ವರ್ಣ, ಚುರುಕಿನ ಕೆಲವು ಕೃತಿ, ನಡುವೆ ವಿಸ್ತಾರ, ಕೊನೆಗೆ ಹಗುರವಾದ ಹಾಡುಗಳು. ಆ ಕೊನೆಯ ಹಂತದಲ್ಲಿ ಹಾಡಲೆಂದು ಗಾಯಕಿ ಒಂದು ದೇವರನಾಮ ಇಟ್ಟುಕೊಂಡಿರುತ್ತಾರೆ. ಶಾಲೆಯಿಂದ ಕರೆಸಿದ ಆ ನಾಲ್ಕು ಮಕ್ಕಳಿಗೂ ಬಾಯಿಪಾಠವಾಗಿರುವ, ಅವರೂ ದನಿಗೂಡಿಸಬಹುದಾದ, ಇಡೀ ಸಂಜೆಯ ಏಕೈಕ ಹಾಡು.

8.48 ಆಗಿರುತ್ತದೆ. ಕಾರ್ಯದರ್ಶಿಗಳು ಸೈಡ್ ವಿಂಗಿನಿಂದ ಗಡಿಯಾರ ತೋರಿಸಲಿ. ನೇರ ಮಂಗಳ. ಆಮೇಲೆ ವಂದನಾರ್ಪಣೆ: ಶಾಮಿಯಾನದವರು, ಡ್ರೋನಿನವರು, ಬೋಂಡದವರು, ಒಬ್ಬರ ಹೆಸರೂ ಬಿಡುವಂತಿಲ್ಲ. ಪಕ್ಕವಾದ್ಯದವರ ಹೆಸರು ಚೀಟಿಯ ಹಿಂಬದಿಯಲ್ಲಿದೆ, ಯಾರೂ ತಿರುಗಿಸುವುದಿಲ್ಲ.