ಮಗುವಿನ ನಕ್ಷತ್ರ ಕೆಂಪು

ಈ ದೇಶದಲ್ಲಿ ಸರ್ವಧರ್ಮ ಸಮನ್ವಯ ಆಗುವ ಮಾತಲ್ಲ ಎಂದು ಕೊರಗುವವರಿಗೆ ನನ್ನದೊಂದು ಸಲಹೆ. ಯಾವುದಾದರೂ ಅಪಾರ್ಟ್‌ಮೆಂಟಿನಲ್ಲಿ ಗಂಡ ಹೆಂಡತಿ ಇಬ್ಬರನ್ನು ಹಿಡಿದು, ‘ನಮ್ಮ ಮಗುವಿಗೆ ಯಾವ ಧರ್ಮವನ್ನೂ ಕಲಿಸಲ್ಲ, ದೊಡ್ಡದಾದ ಮೇಲೆ ಬೇಕಿದ್ದರೆ ಅದೇ ನೋಡಿಕೊಳ್ಳಲಿ’ ಎಂದು ಅವರ ಬಾಯಿಂದ ಹೇಳಿಸಿ. ಸಂಜೆಯೊಳಗೆ ಸಮನ್ವಯ ತಾನೇ ತಾನಾಗಿ ಆಗುತ್ತದೆ. ಮೂರನೇ ಮಹಡಿಯ ಆಚಾರ್ಯರು, ಐದನೆಯದರ ಹಾಜಿ ಸಾಹೇಬರು, ಕೆಳಗಿನ ಮನೆಯ ಡಿಸೋಜಾ ಆಂಟಿ, ಪಾರ್ಕಿಂಗ್ ಜಗಳದಲ್ಲಿ ಮಾತು ಬಿಟ್ಟು ವರ್ಷಗಳಾದವರು, ಲಿಫ್ಟಿನ ಎದುರು ಒಟ್ಟಿಗೆ ನಿಂತು ಒಂದೇ ದನಿಯಲ್ಲಿ ‘ಪಾಪ, ಮಗು’ ಎನ್ನುತ್ತಾರೆ.

ಬೇರೆ ದೇವರನ್ನು ನಂಬುವವನ ಮೇಲೆ ಇವರಿಗೆ ಅಷ್ಟು ಸಿಟ್ಟಿಲ್ಲ. ತಪ್ಪು ಬಸ್ಸು ಹತ್ತಿದವನನ್ನು ಮುಂದಿನ ಸ್ಟಾಪಿನಲ್ಲಾದರೂ ಇಳಿಸಿಕೊಳ್ಳಬಹುದು. ‘ನಾನು ನಡೆದುಕೊಂಡೇ ಹೋಗ್ತೀನಿ’ ಎನ್ನುವವನನ್ನು ಏನು ಮಾಡುವುದು?

ಮೊದಲ ಆಕ್ಷೇಪಣೆ ಸಾಮಾನ್ಯವಾಗಿ ಆಚಾರ್ಯರಿಂದಲೇ ಬರುತ್ತದೆ. ‘ನಿಮ್ಮ ವಿಚಾರ ನಿಮಗಿರಲಿ ಸ್ವಾಮಿ. ಏನೂ ತಿಳಿಯದ ಹಸುಗೂಸಿನ ಮೇಲೆ ಯಾಕೆ ಹೇರ್ತೀರಿ?’ ಮಾತು ನ್ಯಾಯವಾದದ್ದೇ. ಅವರ ಮೊಮ್ಮಗನ ಮೇಲೆ ಯಾರೂ ಏನೂ ಹೇರಿಲ್ಲ. ಹನ್ನೊಂದನೇ ದಿನ ತೊಟ್ಟಿಲಲ್ಲಿ ಮಲಗಿ ಅವನೇ ಗೋತ್ರ ಆರಿಸಿಕೊಂಡ. ವರ್ಷ ತುಂಬುವುದರೊಳಗೆ ತಾನೇ ಮುಂದೆ ಬಂದು ಕಿವಿ ಚುಚ್ಚಿಸಿಕೊಂಡ. ಆಗ ಬೀದಿಗೆ ಕೇಳುವಂತೆ ಕಿರುಚಿದ್ದನ್ನು ಸಂತೋಷದ ಒಪ್ಪಿಗೆ ಎಂದು ಬಂಧುಬಳಗ ದಾಖಲಿಸಿಕೊಂಡಿದೆ. ವೀಡಿಯೊ ಕೂಡ ಇದೆ.

ಇನ್ನು ಅಜ್ಜಿಯರು. ಹಾಸನದ ಹುಡುಗ, ಮಂಗಳೂರಿನ ಕ್ಯಾಥೊಲಿಕ್ ಹುಡುಗಿ ಮದುವೆಯಾಗಿ, ಮಗುವಿಗೆ ಇಬ್ಬರ ಧರ್ಮವೂ ಬೇಡ ಎಂದು ಗಟ್ಟಿಯಾಗಿ ನಿಂತರು ಎನ್ನಿ. ಅಜ್ಜಿಯರು ವಾದಕ್ಕಿಳಿಯುವುದಿಲ್ಲ. ಅನುಭವಸ್ಥರು ಎಂದೂ ವಾದಕ್ಕಿಳಿಯುವುದಿಲ್ಲ. ಹಾಸನದ ಅಜ್ಜಿ, ‘ಸೆಕೆ ಕಣಪ್ಪಾ, ಮಗೀಗೆ ಒಸಿ ಕೂದ್ಲು ತೆಗುಸ್ಕೊಂಡ್ ಬತ್ತೀನಿ’ ಎಂದು ಬೆಳಗಿನ ಜಾವ ಹೊರಟವರು ರಾತ್ರಿ ವಾಪಸಾದರು. ಮಗುವಿನ ಬೋಳು ತಲೆಗೆ ಗಂಧ, ಚೀಲದಲ್ಲಿ ಪ್ರಸಾದದ ಪೊಟ್ಟಣ. ಹಾಸನದಲ್ಲಿ ಅಂದು ಒಂದು ಕ್ಷೌರದಂಗಡಿಯೂ ತೆರೆದಿರಲಿಲ್ಲವಂತೆ, ವಿಧಿಯಿಲ್ಲದೆ ಧರ್ಮಸ್ಥಳದವರೆಗೂ ಹೋಗಬೇಕಾಯಿತಂತೆ. ಮಂಗಳೂರಿನ ಅಜ್ಜಿ ಅಷ್ಟು ದೂರ ಹೋಗಲೂ ಇಲ್ಲ. ಬಚ್ಚಲಲ್ಲೇ ಮಗುವಿನ ತಲೆಗೆ ಮೂರು ಸಲ ನೀರು ಹೊಯ್ದು ಬಾಯೊಳಗೇ ಏನೋ ಗುನುಗಿದರು. ಮಗಳು ಬಾಗಿಲಲ್ಲಿ ನಿಂತು ದುರುಗುಟ್ಟಿದ್ದಕ್ಕೆ, ‘ಸ್ನಾನ ಮಾಡಿಸುದು ಮಾರಾಯ್ತಿ! ಮಗುವಿಗೆ ನೀರು ಹಾಕ್ಲಿಕ್ಕೂ ಉಂಟಾ ಇಲ್ವಾ?’ ಎಂದು ತಿರುಗಿಬಿದ್ದರು. ಪ್ರಾಣಾಪಾಯವಿದ್ದಾಗ ಪಾದ್ರಿಯಲ್ಲದವರೂ ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸುವ ಜ್ಞಾನಸ್ನಾನ ಕೊಡಬಹುದೆಂದು ಕ್ಯಾಥೊಲಿಕ್ ನಿಯಮವೇ ಹೇಳುತ್ತದೆ. ಇಂಥ ಅಪ್ಪ ಅಮ್ಮ ಇರುವುದಕ್ಕಿಂತ ದೊಡ್ಡ ಪ್ರಾಣಾಪಾಯ ಇನ್ನೇನಿದೆ ಎಂದು ಅಜ್ಜಿ ಅರ್ಥೈಸಿಕೊಂಡಿದ್ದರು. ಒಟ್ಟಿನಲ್ಲಿ ಒಂದು ಧರ್ಮವೂ ಬೇಡವಾಗಿದ್ದ ಕೂಸಿಗೆ, ಎರಡು ವರ್ಷ ತುಂಬುವುದರೊಳಗೆ ಎರಡು ಧರ್ಮ ಮತ್ತು ಪಕ್ಕದ ಮನೆಯವರು ಕಟ್ಟಿದ ಒಂದು ತಾಯಿತ.

‘ದೇವರ ಭಯ ಇಲ್ಲದಿದ್ದರೆ ಮಕ್ಕಳು ಕಳ್ಳರಾಗ್ತಾರೆ’ ಎಂಬುದು ಮುಂದಿನ ವಾದ. ಇದನ್ನು ಹೇಳುವವರು ಚಪ್ಪಲಿಯನ್ನು ಟೋಕನ್ ಪಡೆದು ಇಟ್ಟು ಬಂದಿರುತ್ತಾರೆ. ಒಳಗೆ ಹುಂಡಿಗೆ ಬೀಗ, ಬೀಗದ ಮೇಲೆ ಸೀಲು, ಎಣಿಕೆಯ ದಿನ ಮುಜರಾಯಿ ಅಧಿಕಾರಿಗಳು, ಅವರ ನೆತ್ತಿಯ ಮೇಲೆ ಸಿಸಿಟಿವಿ. ದೇವರ ಭಯವಿರುವವರಷ್ಟೇ ಬರುವ ಜಾಗದಲ್ಲಿ, ಸಾಕ್ಷಾತ್ ದೇವರ ಎದುರಿಗೇ, ಇಷ್ಟೆಲ್ಲ ಯಾಕೆ ಬೇಕು ಎಂದು ಕೇಳುವುದು ಉದ್ಧಟತನ.

ಹಾಗೆ ಬೆಳೆದ ಮಕ್ಕಳು ಕಳ್ಳರ ಸಹವಾಸಕ್ಕೆ ಬಿದ್ದದ್ದಕ್ಕೆ ಪುರಾವೆಯೂ ಇದೆ. ಆಂಧ್ರದಲ್ಲಿ ಗೋರಾ ಎಂದೇ ಹೆಸರಾದ ಗೋಪರಾಜು ರಾಮಚಂದ್ರರಾವ್ 1940ರಲ್ಲಿ ನಾಸ್ತಿಕ ಕೇಂದ್ರ ಕಟ್ಟಿದವರು. ಗಾಂಧೀಜಿಯೊಡನೆ ದೇವರ ವಿಷಯದಲ್ಲಿ ವಾದ ಮಾಡಿ, ಅವರ ಸ್ನೇಹವನ್ನೂ ಉಳಿಸಿಕೊಂಡವರು. ಹೆಸರಿಡಲು ಇವರು ಪಂಚಾಂಗ ನೋಡಲಿಲ್ಲ, ದಿನಪತ್ರಿಕೆ ನೋಡಿದರು. ಉಪ್ಪಿನ ಸತ್ಯಾಗ್ರಹದ ವರ್ಷ 1930ರಲ್ಲಿ ಹುಟ್ಟಿದ ಮಗ ಲವಣಂ. ಎರಡನೇ ಮಹಾಯುದ್ಧ ಶುರುವಾದ ವರ್ಷ ಹುಟ್ಟಿದವನು ಸಮರಂ. ಒಂಬತ್ತನೆಯ ಮಗುವಿಗೆ ಹಿಂದಿಯ ಒಂಬತ್ತು, ‘ನೌ’ ಎಂದಿಟ್ಟು ಕೈತೊಳೆದುಕೊಂಡರು. ದೇವರ ಭಯವಿಲ್ಲದ ಆ ಲವಣಂ, ಎಲ್ಲರೂ ಹೆದರಿದ್ದಂತೆಯೇ, ನೇರವಾಗಿ ಹೋದದ್ದು ಕಳ್ಳರ ಊರೆಂದೇ ಬ್ರಿಟಿಷರಿಂದ ಹಣೆಪಟ್ಟಿ ಕಟ್ಟಿಸಿಕೊಂಡಿದ್ದ ಸ್ಟುವರ್ಟ್‌ಪುರಕ್ಕೆ. ಹೆಂಡತಿ ಹೇಮಲತಾ ಅವರನ್ನೂ ಜೊತೆಗೆ ಸೇರಿಸಿಕೊಂಡರು. ಇಬ್ಬರೂ ಅಲ್ಲಿನವರಿಗೆ ಬೇರೆ ಬದುಕು ಕಟ್ಟಿಕೊಡಲು ವರ್ಷಗಟ್ಟಲೆ ದುಡಿದರು ಎಂಬುದನ್ನು ಬಂಧುಬಳಗದ ಸಭೆಯಲ್ಲಿ ಹೇಳಲು ಹೋಗಬೇಡಿ, ವಿಷಯಾಂತರ ಎನ್ನುತ್ತಾರೆ.

ಮನೆಯವರನ್ನು ಹೇಗೋ ದಾಟಬಹುದು. ಶಾಲೆಯ ಅರ್ಜಿಯನ್ನು ದಾಟುವುದು ಕಷ್ಟ. ಹಿಂದೆ ಕಾಗದದ ಅರ್ಜಿಯಲ್ಲಿ ಗೆರೆ ಎಳೆದು ಬಿಟ್ಟರೆ ಮುಗಿಯುತ್ತಿತ್ತು. ಈಗ ಕಂಪ್ಯೂಟರು. ಧರ್ಮ ಎಂಬ ಕಾಲಮ್ಮಿನ ತಲೆಯ ಮೇಲೆ ಪುಟ್ಟದೊಂದು ಕೆಂಪು ನಕ್ಷತ್ರ ಹೊಳೆಯುತ್ತಿರುತ್ತದೆ. ಅಶ್ವಿನಿ, ಭರಣಿ, ಕೃತ್ತಿಕೆಗಳಿಂದ ತಪ್ಪಿಸಿಕೊಂಡ ಮಗು ಈ ನಕ್ಷತ್ರದಿಂದ ತಪ್ಪಿಸಿಕೊಳ್ಳಲಾರದು. ತುಂಬದೆ ಮುಂದಕ್ಕೆ ಹೋಗಲು ನೋಡಿದರೆ ‘ದೋಷವಿದೆ, ಸರಿಪಡಿಸಿ’ ಎನ್ನುತ್ತದೆ. ದೋಷ ಯಾವುದು, ಪರಿಹಾರವೇನು ಎಂದು ಹೇಳುವವರು ಕಚೇರಿಯ ಗುಮಾಸ್ತರೊಬ್ಬರೇ.

ಇದೇ ಶಾಲೆ ಡಿಸೆಂಬರ್ 29ರಂದು ವಿಶ್ವಮಾನವ ದಿನ ಆಚರಿಸುತ್ತದೆ. ಕುವೆಂಪು ಅವರ ಹುಟ್ಟುಹಬ್ಬವನ್ನು ಹಾಗೆ ಆಚರಿಸಬೇಕೆಂದು 2015ರಲ್ಲಿ ಸರ್ಕಾರವೇ ಹೇಳಿದೆ. ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ, ನೀವೆಲ್ಲ ಜಾತಿಮತ ಮೀರಿದವರು ಎಂದು ಭಾಷಣ ಮಾಡಿಸಿ, ಚಾಕಲೇಟು ಹಂಚಿ, ಉಪಜಾತಿ ತುಂಬದೆ ಬಿಟ್ಟವರನ್ನು ಆಫೀಸಿಗೆ ಕರೆಸುತ್ತಾರೆ.

(ನಡುವೆ ಒಂದು ಮಾತು ತಮಾಷೆಯಿಲ್ಲದೆ. ಜಾತಿಯ ಕಾಲಂ ಖಾಲಿ ಬಿಡುವುದು, ಜಾತಿಯಿಂದ ಎಂದೂ ಪೆಟ್ಟು ತಿನ್ನದವರಿಗೆ ಸಲೀಸು. ಮೀಸಲಾತಿ ಬೇಕಿರುವ ಮನೆಯವರು ಅದನ್ನು ತುಂಬಲೇಬೇಕು, ತುಂಬುವುದರಲ್ಲಿ ನಗುವಂಥದ್ದೇನೂ ಇಲ್ಲ. ನನ್ನ ತಕರಾರು ಪಕ್ಕದ ಕಾಲಮ್ಮಿನದು.)

ಕಾನೂನು ಏನೆನ್ನುತ್ತದೆ ಎಂದು ಕೇಳಬೇಡಿ, ಅದು ಬೇಕಾದಷ್ಟು ಎನ್ನುತ್ತದೆ. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಸರ್ಕಾರದ ಮಾನ್ಯತೆ ಇರುವ ಶಾಲೆ, ಪೋಷಕರು ಒಪ್ಪದಿದ್ದರೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು 28ನೇ ವಿಧಿ ಹೇಳುತ್ತದೆ. ಧರ್ಮ ಯಾವುದೆಂದು ಹೇಳುವಂತೆ ಸರ್ಕಾರ ಯಾರನ್ನೂ ಬಲವಂತ ಮಾಡಕೂಡದು, ‘ನನಗೆ ಧರ್ಮವಿಲ್ಲ’ ಎನ್ನುವ ಹಕ್ಕು ಪ್ರಜೆಗಿದೆ ಎಂದು 2014ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಕೊಟ್ಟಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಓಕ ಅವರು ಮುಂದೆ ನಮ್ಮ ಹೈಕೋರ್ಟಿಗೇ ಮುಖ್ಯ ನ್ಯಾಯಮೂರ್ತಿಯಾಗಿ ಬಂದರು. ತೀರ್ಪು ಮಾತ್ರ ಶಾಲೆಯ ಕಂಪ್ಯೂಟರಿನವರೆಗೆ ಇನ್ನೂ ಬಂದಿಲ್ಲ, ದಾರಿಯಲ್ಲಿರಬೇಕು. ಅತ್ತ 1955ರ ಹಿಂದೂ ವಿವಾಹ ಕಾಯ್ದೆ ಇನ್ನೂ ಉದಾರಿ. ಮುಸ್ಲಿಮ, ಕ್ರೈಸ್ತ, ಪಾರ್ಸಿ, ಯಹೂದಿ ಯಾರೂ ಅಲ್ಲದವನಿಗೂ ತಾನು ಅನ್ವಯವಾಗುತ್ತೇನೆ ಎಂದು ಎರಡನೇ ಕಲಮಿನಲ್ಲೇ ಕೈಚಾಚಿ ನಿಂತಿದೆ. ನೀವು ಬಿಟ್ಟರೂ ಅದು ನಿಮ್ಮನ್ನು ಬಿಡುವುದಿಲ್ಲ.

ಖಾಲಿ ಬಿಟ್ಟರೆ ಏನಾಗುತ್ತದೆಂದು ಕೇರಳದವರನ್ನು ಕೇಳಬೇಕು. 2018ರಲ್ಲಿ ಅಲ್ಲಿನ ಶಿಕ್ಷಣ ಸಚಿವರು ವಿಧಾನಸಭೆಯಲ್ಲಿ ಎದ್ದು ನಿಂತು, ಸುಮಾರು 1.24 ಲಕ್ಷ ಮಕ್ಕಳು ಜಾತಿ ಧರ್ಮದ ಕಾಲಂ ತುಂಬದೆ ಶಾಲೆ ಸೇರಿದ್ದಾರೆ ಎಂದರು. ಒಂದು ದಿನ ಪ್ರಗತಿಪರರಿಗೆ ಹಬ್ಬ, ಉಳಿದವರಿಗೆ ಸೂತಕ. ಆಮೇಲೆ ಶಾಲೆಗಳೇ ಒಂದೊಂದಾಗಿ ಬಾಯಿಬಿಟ್ಟವು: ನಮ್ಮಲ್ಲಿ ಅಂಥ ಮಕ್ಕಳಿಲ್ಲ ಸ್ವಾಮಿ, ಕಂಪ್ಯೂಟರಿಗೆ ತುಂಬುವಾಗ ಆ ಕಾಲಂ ಬಿಟ್ಟುಹೋಗಿದೆ ಅಷ್ಟೇ! ಗುಮಾಸ್ತರ ಬೆರಳು ನೋಯುತ್ತಿದ್ದ ಒಂದೇ ಕಾರಣಕ್ಕೆ ಒಂದು ರಾಜ್ಯ ಒಂದೂವರೆ ದಿನ ಜಾತ್ಯತೀತವಾಗಿದ್ದ ಉದಾಹರಣೆ ಜಗತ್ತಿನಲ್ಲಿ ಬೇರೆಲ್ಲೂ ಸಿಗಲಿಕ್ಕಿಲ್ಲ.

ತಮಿಳುನಾಡಿನ ತಿರುಪತ್ತೂರಿನ ವಕೀಲೆ ಸ್ನೇಹಾ ಅವರದು ಇನ್ನೊಂದು ದಾರಿ. ಖಾಲಿ ಬಿಟ್ಟದ್ದಕ್ಕೇ ಸರ್ಕಾರದಿಂದ ಸರ್ಟಿಫಿಕೇಟು ಕೇಳಿದರು. ಹೆತ್ತವರು ಅವರ ಶಾಲೆಯ ದಾಖಲೆಗಳಲ್ಲೂ ಜಾತಿ ಧರ್ಮ ಬರೆಸಿರಲಿಲ್ಲ. ‘ಜಾತಿಯಿಲ್ಲ, ಧರ್ಮವಿಲ್ಲ’ ಎಂಬ ಕಾಗದ ಕೈಗೆ ಬಂದದ್ದು 2019ರ ಫೆಬ್ರವರಿಯಲ್ಲಿ, ಹತ್ತಿರ ಹತ್ತಿರ ಒಂಬತ್ತು ವರ್ಷ ಓಡಾಡಿದ ಮೇಲೆ. ಇರುವುದಕ್ಕೆ ದಾಖಲೆ ಕೊಡುವುದು ಸುಲಭ. ಇಲ್ಲದ್ದಕ್ಕೆ ಒಂದನೇ ತರಗತಿಯಿಂದ ದಾಖಲೆ ಕೂಡಿಟ್ಟಿರಬೇಕು.

ಹಾಸನ–ಮಂಗಳೂರಿನ ಜೋಡಿಗೆ ಒಂಬತ್ತು ವರ್ಷ ಪುರುಸೊತ್ತಿರಲಿಲ್ಲ, ಎಲ್‌ಕೆಜಿ ಸೀಟಿಗೆ ಶನಿವಾರ ಕಡೇ ದಿನ. ಗುಮಾಸ್ತರು ದಾರಿ ತೋರಿಸಿದರು: ‘ಇತರೆ ಅಂತ ಒತ್ತಿ ಸಾರ್, ಮುಗೀತು.’ ಒತ್ತಿದರೆ ಕೆಳಗೆ ಇನ್ನೊಂದು ಕಾಲಂ ಬಿಚ್ಚಿಕೊಂಡಿತು. ‘ಇತರೆ ಆಗಿದ್ದಲ್ಲಿ ನಮೂದಿಸಿ’, ಪಕ್ಕದಲ್ಲಿ ಮತ್ತೆ ಕೆಂಪು ನಕ್ಷತ್ರ. ಅಪ್ಪ ‘ಇಲ್ಲ’ ಎಂದು ಬರೆದು ಕಳಿಸಿದ. ಸೀಟು ಸಿಕ್ಕಿತು.

ಜೂನ್ ತಿಂಗಳಲ್ಲಿ ಶಾಲೆಯಿಂದ ಫೋನ್. ‘ಸಾರ್, ನಿಮ್ಮ ಇಲ್ಲ ಧರ್ಮ ಅಲ್ಪಸಂಖ್ಯಾತರಲ್ಲಿ ಬರುತ್ತಾ? ಬರೋದಾದ್ರೆ ತಹಸೀಲ್ದಾರ್ ಸರ್ಟಿಫಿಕೇಟ್ ತನ್ನಿ, ಸ್ಕಾಲರ್‌ಶಿಪ್‌ಗೆ ಹಾಕ್ತೀನಿ. ಹಂಗೇ ನಿಮ್ಮ ಹಬ್ಬ ಯಾವತ್ತು ಅಂತಾನೂ ಹೇಳ್ಬಿಡಿ, ಡೈರಿ ಪ್ರಿಂಟಿಗೆ ಹೋಗ್ತಾ ಇದೆ.’